ಆರು ಮೊಳೆ, ಒಂದು ಧಾರಾವಾಹಿ

ಲಕ್ಕವಳ್ಳಿ ಅಣೆಕಟ್ಟೆಯಲ್ಲಿ ಮೂವತ್ತೊಂದು ವರ್ಷ, ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೀರಿನ ಮಟ್ಟ ಓದಿ ಬರೆದವನು ನಾನು. ನಿವೃತ್ತನಾಗಿ ತರೀಕೆರೆಗೆ ಬಂದ ಮೇಲೆ ಓದಲು ನೀರಿರಲಿಲ್ಲ. ಬೀದಿಯವರ ಬೀಗದ ಕೈಗಳು ಸಿಕ್ಕವು. ಹೊರಗೆ ಹೋಗುವಾಗ ಎಲ್ಲರೂ ತಮ್ಮ ಮನೆಯ ಬೀಗದ ಕೈಯನ್ನು ನನಗೆ ಕೊಟ್ಟು ಹೋಗುತ್ತಿದ್ದರು. ನಡುಮನೆಯ ಗೋಡೆಗೆ ಹಲಗೆ, ಹಲಗೆಗೆ ಆರು ಮೊಳೆ, ಮೊಳೆಗೊಂದು ಹೆಸರು. ಕೊಟ್ಟ ಹೊತ್ತು, ಪಡೆದ ಹೊತ್ತು ನೋಟ್‌ಬುಕ್ಕಿನಲ್ಲಿ. ನನ್ನಂಥವನನ್ನು ನಂಬದೆ ಜನ ಇನ್ಯಾರನ್ನು ನಂಬಿಯಾರು ಎಂದು ಎದೆಯುಬ್ಬಿಸಿಕೊಂಡೇ ಇದ್ದೆ.

ಒಂದು ಸೋಮವಾರ ಹತ್ತು ಗಂಟೆಯಾದರೂ ಆರೂ ಮೊಳೆಗಳು ಖಾಲಿ.

ನನಗೆ ಮೊದಲು ಅನುಮಾನ ಬಂದದ್ದೇ ಎದುರುಮನೆಯ ರುದ್ರಮ್ಮ ಟೀಚರ್ ಮೇಲೆ. ಬೆಳಿಗ್ಗೆ ಅವರು ಬೀಗ ಹಾಕಿ, ನಮ್ಮ ಮನೆಯ ಕಡೆ ಒಮ್ಮೆ ನೋಡಿ, ಬೀಗದ ಕೈಯನ್ನು ಹೂಕುಂಡದ ಕೆಳಗೆ ಸರಿಸಿ ಸ್ಕೂಲಿಗೆ ನಡೆದಿದ್ದರು. ಮೂವತ್ತೊಂದು ವರ್ಷದ ಸೇವೆಗಿಂತ ಹೂಕುಂಡ ಮೇಲಾಯಿತು!

ಸಂಜೆ ಪಕ್ಕದ ಮನೆಯ ಅಡಿಕೆ ವ್ಯಾಪಾರಿ ಶಿವಣ್ಣ ಗೇಟಿನ ಹತ್ತಿರ ಸಿಕ್ಕಿ, ನನ್ನ ಮುಂಗೈ ಮುಟ್ಟಿ ನೋಡಿದ.

“ಬೆಚ್ಗೈತಲ್ಲ, ಸಾ.”

“ಇರಬಾರದೇನಯ್ಯಾ?”

“ಇರ್ಬೇಕು, ಇರ್ಬೇಕು. ನಿಮ್ಗೆ ಜ್ವರ ಬಂದಿದ್ದು ಯಾವಾಗ?”

“ಬಂದೇ ಇಲ್ಲ.”

ಅವನು ಎರಡು ಹೆಜ್ಜೆ ಹಿಂದೆ ಸರಿದ.

ಬೀದಿಯಲ್ಲಿ ಏನೋ ಕಳುವಾಗಿದೆ, ಎಲ್ಲರ ಕಣ್ಣೂ ನನ್ನ ಮೇಲಿದೆ ಎಂದು ಖಾತ್ರಿಯಾಯಿತು. ಮರುದಿನ ನೋಟ್‌ಬುಕ್ ಹಿಡಿದು ರುದ್ರಮ್ಮನವರ ಬಾಗಿಲಿಗೆ ಹೋದೆ. “ತಮ್ಮ ಮನೆಯಿಂದ ಏನೇನು ಕಾಣೆಯಾಗಿದೆ? ಪಟ್ಟಿ ಕೊಡಿ.”

“ಏನೂ ಇಲ್ಲ, ಸಾರ್,” ಎಂದವರು, ನಾನು ಕೈಗಡಿಯಾರ ನೋಡಿದೊಡನೆ ಬಾಗಿಲನ್ನು ಅರ್ಧ ಮುಚ್ಚಿದರು.

ಮನೆಗೆ ಬಂದು ಹೇಳಿಕೊಂಡರೆ ನನ್ನ ಹೆಂಡತಿ ಶಾರದ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪ್ರತಿ ಭಾನುವಾರ ನಾಲ್ಕು ಗಂಟೆಗೆ, ಅಂದರೆ ಸರಿಯಾಗಿ ನನ್ನ ವಾಕಿಂಗ್ ಹೊತ್ತಿಗೆ, ಬೀದಿಯವರೆಲ್ಲ ರುದ್ರಮ್ಮನ ಮನೆಯಲ್ಲಿ ಸೇರಿ ಒಂದು ಧಾರಾವಾಹಿ ನೋಡುತ್ತಾರೆ.

“ಅದರದ್ದೇ ಮಹಿಮೆ ಕಣ್ರೀ. ಬೇರೆ ಗ್ರಹದಾಗೆ ಒಂದೂರು. ಅಲ್ಲೊಬ್ಬ ತಾತ, ಊರಿನ ಬೀಗದ ಕೈಯೆಲ್ಲಾ ಅವನ ಹತ್ರಾನೇ. ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ. ಏಳು ವಾರ ದೇವರಂಥ ಮನುಷ್ಯ ಅನ್ಕಂಡಿದ್ವಿ. ಮೊನ್ನೆ ಅವನ ಬೆನ್ನು ಬಿಚ್ಚಿದ್ರೆ ಒಳಗೆಲ್ಲಾ ವೈರು! ರುದ್ರಮ್ಮ ಚಕ್ಲಿ ತಟ್ಟೆ ಕೈಬಿಟ್ರು. ಶಿವಣ್ಣ ಟಿ.ವಿ. ನೋಡೋದು ಬಿಟ್ಟು ನಮ್ಮನೆ ಕಡೆ ನೋಡ್ದ.”

“ನನ್ನ ಗಂಡ ಮನುಷ್ಯನೇ ಎಂದು ನೀನಾದರೂ ಹೇಳಬಾರದಿತ್ತೇ?”

“ಹೇಳಾಣ ಅಂತಿದ್ದೆ. ಮದುವೆಯಾದಾಗಿಂದ ನಂಗೂ ಒಂಚೂರು ಅನುಮಾನ ಇತ್ತಲ್ಲ.”

ಬೀದಿಯ ನಂಬಿಕೆಯನ್ನು ಮರಳಿ ಪಡೆಯದೆ ನನಗೆ ನೆಮ್ಮದಿಯಿರಲಿಲ್ಲ. ನಾನು ಮನುಷ್ಯನೆಂದು ರುಜುವಾತುಪಡಿಸಲು ಶನಿವಾರ ಇಡೀ ದಿನ ಅಶಿಸ್ತಿನಿಂದಿರಲು ತೀರ್ಮಾನಿಸಿ, ಅದಕ್ಕೊಂದು ವೇಳಾಪಟ್ಟಿ ತಯಾರಿಸಿದೆ. ಆರು ಮೂವತ್ತೇಳಕ್ಕೆ ಕಾಫಿ. ಏಳು ಹನ್ನೊಂದಕ್ಕೆ, ಗಡ್ಡ ಬೋಳಿಸದೆ ಬೀದಿಬಾಗಿಲಲ್ಲಿ ನಿಲ್ಲುವುದು. ಒಂಬತ್ತೂಕಾಲಿಗೆ, ಕಾರಣವಿಲ್ಲದೆ ಅಜ್ಜಂಪುರದ ಬಸ್ಸು.

ನಿಂತದ್ದು ಫಲಿಸಿತು. ಶಿವಣ್ಣ ನನ್ನ ಬಿಳಿಗಡ್ಡ ನೋಡಿ ಕರಗಿದ. “ಯಾರು ಏನಾರ ಅನ್ಕಳ್ಳಿ, ಸಾ. ನಾವು ಲಕ್ಕವಳ್ಳಿಗೆ ಹೋಗ್ತಿದ್ದೀವಿ. ಹನ್ನೆರಡಕ್ಕೆ ಸಿಂಗಟಗೆರೆಯಿಂದ ನಮ್ಮತ್ತೆ ಬತ್ತಾರೆ, ಅವರಿಗೆ ಕೊಟ್ಬಿಡಿ,” ಎಂದು ಬೀಗದ ಕೈ ಕೊಟ್ಟ.

ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಬೇರೆ ದಿನವಾಗಿದ್ದರೆ ಅದು ನೇರವಾಗಿ ಮೊಳೆಗೆ ಹೋಗುತ್ತಿತ್ತು. ಅಂದು ಅಶಿಸ್ತಿನ ದಿನ. ಅಂಗಿಯ ಜೇಬಿಗೆ ಹಾಕಿಕೊಂಡೆ. ಹನ್ನೆರಡರೊಳಗೆ ಬಂದರಾಯಿತು ಎಂದುಕೊಂಡು ಬಸ್ಸು ಹತ್ತಿದೆ.

ಅಜ್ಜಂಪುರದಲ್ಲಿ ಇಳಿದರೆ ಮಾಡಲು ಕೆಲಸವಿಲ್ಲ. ಮಂಡಕ್ಕಿ ತಿಂದೆ. ಬೇಕಿಲ್ಲದ ಸೋರೆಕಾಯಿ ರಾಶಿಗೆ ಬಗ್ಗಿ, ಒಂದೊಂದನ್ನೂ ಉಗುರಿನಿಂದ ಒತ್ತಿ ನೋಡಿ, ಕೊಳ್ಳದೆ ಎದ್ದೆ. ಬಹಳ ಹಿತವಾಗಿತ್ತು. ಹಿಂದಿರುಗುವ ಬಸ್ಸು ತಪ್ಪಿತು. ಮನುಷ್ಯರಿಗೆ ಬಸ್ಸು ತಪ್ಪುವುದುಂಟು ಎಂದು ಹೆಮ್ಮೆಪಟ್ಟೆ. ತರೀಕೆರೆ ತಲುಪಿದಾಗ ಎರಡೂವರೆ.

ಶಿವಣ್ಣನ ಜಗುಲಿಯ ಮೇಲೆ ಉರಿಬಿಸಿಲು, ಎರಡು ಚೀಲ ತೆಂಗಿನಕಾಯಿ, ಅವನ ಅತ್ತೆ. ಪಕ್ಕದಲ್ಲಿ ಛತ್ರಿ ಹಿಡಿದು ಶಾರದ. ಮಜ್ಜಿಗೆ ಲೋಟ ಹಿಡಿದು ರುದ್ರಮ್ಮ.

ಜೇಬಿಗೆ ಕೈ ಹಾಕಿದೆ. ವೇಳಾಪಟ್ಟಿ ಇತ್ತು. ಅಷ್ಟೇ ಇತ್ತು.

ಬೀಗದ ಕೈ ಅಜ್ಜಂಪುರದ ಸೋರೆಕಾಯಿಗಳ ನಡುವೆ ಉಳಿದಿರಬೇಕು.

ಲಕ್ಕವಳ್ಳಿಯಿಂದ ಬಂದ ಶಿವಣ್ಣ ಮಾತಾಡದೆ ಸುತ್ತಿಗೆ ತಂದು ಬೀಗ ಒಡೆದ. ಅತ್ತೆ ಮಾತಾಡಿದರು. “ವಯಸ್ಸಾದೋರ ಕೈಗೆ ಇಂಥದ್ದೆಲ್ಲಾ ಯಾಕಪ್ಪಾ ಕೊಡ್ತೀಯ?” ಅವರು ನನಗಿಂತ ಹತ್ತು ವರ್ಷ ದೊಡ್ಡವರು.

ರುದ್ರಮ್ಮನವರ ಮುಖ ಮಾತ್ರ ಅರಳಿತ್ತು. “ನಾವೇ ತಪ್ಪು ತಿಳ್ಕೊಂಡಿದ್ವಿ ಶಾರದಮ್ಮ. ಮಿಷಿನ್ ಆಗಿದ್ರೆ ಹಿಂಗೆ ಮಾಡ್ತಿತ್ತಾ? ಪಾಪ, ಸಾರ್ ಮನುಷ್ಯರೇ.”

ಅಂದಿನಿಂದ ಬೀದಿಯಲ್ಲಿ ಯಾರಿಗೂ ನನ್ನ ಮೇಲೆ ಅನುಮಾನವಿಲ್ಲ. ಬೀಗದ ಕೈಯನ್ನೂ ಯಾರೂ ಕೊಡುವುದಿಲ್ಲ. ಮೊಳೆಗಳಿಗೆ ಶಾರದ ಜರಡಿ, ಸೌಟು ನೇತುಹಾಕಿದ್ದಾಳೆ. ಮೊನ್ನೆ ವಾಕಿಂಗ್ ಮುಗಿಸಿ ಬಂದರೆ ನಮ್ಮ ಮನೆಗೇ ಬೀಗ. ಫೋನ್ ಮಾಡಿದೆ.

“ರುದ್ರಮ್ಮನ ಹೂಕುಂಡದ ಕೆಳಗೈತೆ ಕಣ್ರೀ. ಬಾಗಿಲು ತೆಗೆದು ತಿರುಗಾ ಅಲ್ಲೇ ಇಟ್ಬಿಡಿ. ನಿಮ್ಮ ಹತ್ರ ಇಟ್ಕಬೇಡಿ.”

ಇಟ್ಟೆ. ಹೊತ್ತು ಐದೂ ಇಪ್ಪತ್ತು.