ಬಾಲ ಅಲ್ಲಾಡಿಸಿದ ಕ್ಯಾರವಾನ್

ಅಕ್ಕಿ ಮೂಟೆ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಉದಯಕುಮಾರ ಬಾಯಿಬಿಟ್ಟು ಉತ್ತರ ಹೇಳಿದ್ದರೆ ಆ ಶನಿವಾರ ಅವನ ಮಾನ ಉಳಿಯುತ್ತಿತ್ತು.

ಬಸವೇಶ್ವರನಗರದ ಆ ರಸ್ತೆಯವರು ಮೊದಲ ಸಲ ಕ್ಯಾರವಾನ್ ನೋಡಿದ್ದು ಅವನ ಮನೆ ಮುಂದೆಯೇ. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ, ಎರಡೇ ಚಕ್ರದ ಪುಟ್ಟ ಬಿಳಿ ಮನೆ ಅದು. ಒಳಗೆ ಎರಡು ಹಾಸಿಗೆ, ಒಂದು ಒಲೆ, ಅಂಗೈಯಗಲದ ಸಿಂಕು. ಪಾಲಿಟೆಕ್ನಿಕ್ಕಿನಲ್ಲಿ ಗುಮಾಸ್ತನಾಗಿದ್ದ ಉದಯಕುಮಾರ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದಿದ್ದು ಹೆಂಡತಿ ಮಾನಸಳಿಗಾಗಿ. ಮದುವೆಯಾದಾಗಿನಿಂದ ಅವನು ಅವಳನ್ನು ಕರೆದುಕೊಂಡು ಹೋದದ್ದೆಲ್ಲ ಯಾರದೋ ಮದುವೆ ಇಲ್ಲವೇ ತಿಥಿ ಇದ್ದ ಊರುಗಳಿಗೆ. ಈ ಸಲ ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಂಡೆಯಲ್ಲಿ ಒಂದು ರಾತ್ರಿ, ಯಾರ ಹಂಗೂ ಇಲ್ಲದೆ, ಎಂದು ಮಾತು ಕೊಟ್ಟಿದ್ದ.

ಗಾಡಿ ಮಾರಿದವನು ಹೇಳಿದ್ದು ಎರಡೇ ಮಾತು. ಭಾರದ ಸಾಮಾನೆಲ್ಲ ಚಕ್ರಕ್ಕಿಂತ ಮುಂದೆ ಇರಬೇಕು. ಹಿಂದೆ ಭಾರವಾದರೆ ಇಂಥ ಹಗುರ ಗಾಡಿ ಓಲಾಡುತ್ತದೆ. ಓಲಾಡಿದರೆ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಉದಯಕುಮಾರ ಇದನ್ನು ಸ್ನಾನ ಮಾಡುವಾಗಲೂ ಹೇಳಿಕೊಂಡು ಬಾಯಿಪಾಠ ಮಾಡಿದ್ದ.

ಆದರೆ ಬೆಳಿಗ್ಗೆ ಸಾಮಾನು ತುಂಬುವ ಹೊತ್ತಿಗೆ ಎದುರು ಮನೆಯ ಪದ್ಮನಾಭ ರಾಯರು ಬಂದುಬಿಟ್ಟರು. ರಿಟೈರಾದ ಎಂಜಿನಿಯರು. ಆ ರಸ್ತೆಯಲ್ಲಿ ಯಾರು ಬೋರ್‌ವೆಲ್ ಕೊರೆಸಲಿ, ಹೆಣ್ಣು ನೋಡಲಿ, ರಾಯರ ಸಲಹೆ ಇಲ್ಲದೆ ಮುಗಿಯುತ್ತಿರಲಿಲ್ಲ. ಘಾಟಿಯಲ್ಲಿ ಲಾರಿ ಓಡಿಸಿದ ಕತೆಗಳು ಅವರಲ್ಲಿ ರಾಶಿ ಇದ್ದವು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್ ಮುಟ್ಟುವುದು ಮಾತ್ರ ತಮ್ಮ ಘನತೆಗೆ ಕಡಿಮೆ ಎನ್ನುತ್ತಿದ್ದರು. ಅವರು ಮುಂದಿದ್ದ ಅಕ್ಕಿ ಮೂಟೆ, ಸಿಲಿಂಡರು, ನೀರಿನ ಕ್ಯಾನುಗಳನ್ನೆಲ್ಲ ತೆಗೆಸಿ ಹಿಂದಿನ ಮೂಲೆಗೆ ಇಡಿಸಿದರು.

"ಹಿಂದೆ ಭಾರ ಇದ್ರೆ ಗಾಡಿ ನೆಲ ಕಚ್ಕೊಂಡು ಬರುತ್ತೆ. ನನಗೆ ಹೇಳ್ಕೊಡ್ಬೇಡಿ," ಎಂದರು.

ಉದಯಕುಮಾರ ಏನೂ ಹೇಳಿಕೊಡಲು ಹೋಗಿರಲಿಲ್ಲ. ಬಾಯಿ ತೆರೆದಿದ್ದನಷ್ಟೆ. ತೆರೆದ ಬಾಯನ್ನು ಹಾಗೇ ಮುಚ್ಚಿದ. ರಾಯರ ಹೆಂಡತಿ ಅನಂತಲಕ್ಷ್ಮಿ, ಮೊಸರನ್ನಕ್ಕೆ ಬೇಕಾಗುತ್ತೆ ಎಂದು ಪಿಂಗಾಣಿ ಭರಣಿ ತುಂಬ ಮಾವಿನಕಾಯಿ ಉಪ್ಪಿನಕಾಯಿ ತಂದುಕೊಟ್ಟರು. ಅದೂ ಹಿಂದಕ್ಕೇ ಹೋಯಿತು. ಯಾರೋ ತೆಂಗಿನಕಾಯಿ ಒಡೆದರು. ಇಡೀ ರಸ್ತೆ ಕೈಬೀಸಿತು.

ಕೆಂಗೇರಿವರೆಗೆ ಟ್ರಾಫಿಕ್ಕಿನ ದಯೆಯಿಂದ ಏನೂ ಆಗಲಿಲ್ಲ. ಆಮೇಲೆ ರಸ್ತೆ ಬಿಡುವಾಗಿ ಜೀಪು ವೇಗ ಹಿಡಿಯಿತು. ಪಕ್ಕದಲ್ಲಿ ಒಂದು ಬಸ್ಸು ಭರ್ರನೆ ದಾಟಿದ್ದೇ ತಡ, ಹಿಂದಿನ ಗಾಡಿ ಯಜಮಾನನನ್ನು ಕಂಡ ನಾಯಿಯ ಬಾಲದಂತೆ ಅಲ್ಲಾಡತೊಡಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಇನ್ನೂ ಹೆಚ್ಚು ಎಡಕ್ಕೆ. ಜೀಪಿನ ಸೊಂಟವೂ ಅದರ ಜೊತೆ ತಿರುಗತೊಡಗಿತು. ಬಾಯಿಪಾಠವೆಲ್ಲ ಮರೆತ ಉದಯಕುಮಾರ ಬ್ರೇಕನ್ನು ತುಳಿದ. ಗಾಡಿ ಇನ್ನಷ್ಟು ಬೀಸಿತು. ಎದುರು ದಿಕ್ಕಿಗೆ ಸ್ಟೀರಿಂಗ್ ಎಳೆದ. ಅದು ಅದಕ್ಕಿಂತ ಜೋರಾಗಿ ಬೀಸಿತು.

"ಎರಡೂ ಕಾಲು ತೆಗೀರಿ, ಸ್ಟೀರಿಂಗ್ ಸುಮ್ನೆ ಹಿಡ್ಕೊಳ್ಳಿ," ಎಂದಳು ಮಾನಸ. ಬಚ್ಚಲಿನಿಂದ ಅವನ ಪಾಠ ಕೇಳಿ ಕೇಳಿ ಅವಳಿಗೂ ಬಂದಿತ್ತು.

ಅವನು ಹಾಗೇ ಮಾಡಿದ. ಓಲಾಟ ಕಡಿಮೆಯಾಗುತ್ತ ಬಂದು ಜೀಪು ನಿಂತಿತು. ನಿಂತದ್ದು ಮಾತ್ರ ಇಡೀ ರಸ್ತೆಗೆ ಅಡ್ಡಲಾಗಿ.

ಹಿಂದೆ ಹಾರನ್ನುಗಳ ಜಾತ್ರೆ ಶುರುವಾಯಿತು. ಟ್ರಾಫಿಕ್ ಪೊಲೀಸ್ ಮಹದೇವ್ ನೇರ ಬಂದವರೇ, ಮಾತಿಲ್ಲದೆ, ಊದುವ ಯಂತ್ರವನ್ನು ಅವನ ಬಾಯಿಗೆ ಹಿಡಿದರು. ಜೀವನದಲ್ಲಿ ಕಾಫಿಗಿಂತ ಜೋರಾದದ್ದನ್ನು ಕುಡಿಯದ ಉದಯಕುಮಾರ, ಬಸ್ಸಿನ ಕಿಟಕಿಗಳಲ್ಲಿ ಮೊಬೈಲು ಹಿಡಿದವರ ಮುಂದೆ ತಲೆ ತಗ್ಗಿಸಿ ಊದಿದ. ಏನೂ ಬರಲಿಲ್ಲ. ಮಹದೇವ್ ಇನ್ನೊಮ್ಮೆ ಊದಿಸಿದರು.

ಅಷ್ಟರಲ್ಲಿ ಕ್ಯಾರವಾನಿನ ಬಾಗಿಲ ಸಂದಿಯಿಂದ ಕೆಂಪಗೆ ಏನೋ ತೊಟ್ಟಿಕ್ಕುವುದು ಜನರ ಕಣ್ಣಿಗೆ ಬಿತ್ತು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು.

"ಒಳಗೆ ಯಾರಿದಾರೆ?" ಎಂದು ಮಹದೇವ್ ಬೇರೆಯೇ ದನಿಯಲ್ಲಿ ಕೇಳಿದರು.

"ಉಪ್ಪಿನಕಾಯಿ, ಸಾರ್."

ನಂಬಲಿಲ್ಲ. ಬಾಗಿಲು ತೆಗೆಸಿ ನೋಡಿದರು. ಭರಣಿ ಒಡೆದು, ಎಣ್ಣೆ ಖಾರವೆಲ್ಲ ಮಾನಸಳ ಹೊಸ ಸೀರೆಗಳ ಮೇಲೆ ಹರಿದು, ಹೋಳುಗಳು ಅಕ್ಕಿಯಲ್ಲಿ ಹೂತಿದ್ದವು. ಗುಂಪು ನಕ್ಕಿತು. ಕೊಲೆಗಾರನೆಂದು ನೋಡಿದ್ದ ಕಣ್ಣುಗಳಿಗಿಂತ ಆ ನಗು ಉದಯಕುಮಾರನಿಗೆ ಹೆಚ್ಚು ಚುಚ್ಚಿತು. ಇದನ್ನು ಮೈಸೂರಿನ ಕಡೆಗೆ ತಿರುಗಿಸಿದ್ದು ಕಂಡರೆ ಜಪ್ತಿ ಮಾಡುತ್ತೇನೆ, ನಿಧಾನವಾಗಿ ವಾಪಸ್ ಹೋಗಿ ಎಂದು ಮಹದೇವ್ ಆಜ್ಞೆ ಮಾಡಿದರು.

ರಸ್ತೆ ಬದಿಗೆ ಹಾಕಿಕೊಂಡು ಗಂಡ ಹೆಂಡತಿ ಸಾಮಾನನ್ನೆಲ್ಲ ಚಕ್ರದ ಮುಂದಕ್ಕೆ ಸಾಗಿಸಿದರು. ಆಮೇಲೆ ಗಾಡಿ ಹಸುವಿನ ಹಿಂದೆ ಕರು ಬಂದಂತೆ ನೆಟ್ಟಗೆ ಬಂತು. ಅದನ್ನು ಕಂಡು ಉದಯಕುಮಾರನಿಗೆ ಇನ್ನೂ ನಾಚಿಕೆಯಾಯಿತು. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಬೇರೆ. ಗೊತ್ತಿದ್ದೂ ಒಬ್ಬ ಮುದುಕರ ಮುಂದೆ ಒಂದು ಮಾತು ಆಡಲಾಗಲಿಲ್ಲ.

"ನೀವು ಹೇಳ್ಬಹುದಿತ್ತು," ಎಂದಳು ಮಾನಸ. ಅಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ತೆಂಗಿನಕಾಯಿ ಒಡೆಸಿಕೊಂಡು ಹೊರಟವರು ಮಧ್ಯಾಹ್ನವೇ ಮನೆಗೆ ಹೋಗುವುದು ಹೇಗೆ? ಮರುದಿನ ಸಂಜೆವರೆಗೆ ಎಲ್ಲಾದರೂ ಅಡಗಿದ್ದು, ಹೊಳೆಗೆ ಹೋಗಿ ಬಂದೆವೆಂದು ಹೇಳಿದರಾಯಿತು ಎಂದು ಇಬ್ಬರೂ ನಿರ್ಧರಿಸಿದರು. ಗುರುತಿನವರು ಸುಳಿಯದ ಜಾಗ ಹುಡುಕುತ್ತ ನಾಗರಬಾವಿಯಲ್ಲಿ ಒಂದು ಖಾಲಿ ಸೈಟುಗಳ ರಸ್ತೆ ಸಿಕ್ಕಿತು. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಒಳಗೆ ಕೂತು, ಉಪ್ಪಿನಕಾಯಿ ವಾಸನೆಯ ನಡುವೆ ಮೊಸರನ್ನ ತಿಂದರು.

ಅನಂತಲಕ್ಷ್ಮಿ ಫೋನ್ ಮಾಡಿದರು. ಹೊಳೆ ಬಹಳ ಚೆನ್ನಾಗಿದೆ ಎಂದು ಮಾನಸ ಹೇಳಿದಳು. ಅದೃಷ್ಟವಂತರು ನೀವು, ನಮ್ಮನೆಯವರು ಯಥಾಪ್ರಕಾರ ಉಪನ್ಯಾಸ ಕೇಳೋಕೆ ಮಲ್ಲೇಶ್ವರಕ್ಕೆ ಹೋಗಿದಾರೆ ಎಂದು ಅವರು ನಿಟ್ಟುಸಿರುಬಿಟ್ಟರು.

ಫೋನ್ ಇಡುವುದಕ್ಕೂ ಕ್ಯಾರವಾನಿನ ಹಿಂಭಾಗಕ್ಕೆ ದಡಾರನೆ ಏನೋ ಬಡಿಯುವುದಕ್ಕೂ ಸರಿಹೋಯಿತು. ತಟ್ಟೆ ಮಗುಚಿತು. ಉದಯಕುಮಾರ ಹೊರಗೆ ಧುಮುಕಿದ. ಹಿಂಬದಿಯ ತಗಡು ಬಟ್ಟಲಿನಂತೆ ಒಳಗೆ ಹೋಗಿತ್ತು. ಗುದ್ದಿದ್ದು ಡ್ರೈವಿಂಗ್ ಸ್ಕೂಲಿನ ಚಿಕ್ಕ ಕಾರು. ಮುಂದೆ ಕೆಂಪಕ್ಷರದ 'ಎಲ್' ಬೋರ್ಡು. ಪಕ್ಕದ ಸೀಟಿನಲ್ಲಿ ಕಲಿಸುವವನು ತಲೆ ಹಿಡಿದುಕೊಂಡು ಕೂತಿದ್ದ.

"ಬ್ರೇಕ್ ಅಂದ್ರೆ ಮಧ್ಯದ್ದು, ಸಾರ್. ಮೊದಲ್ನೇ ದಿನದಿಂದ ಹೇಳ್ತಾ ಇದೀನಿ," ಎನ್ನುತ್ತಿದ್ದ.

ಸ್ಟೀರಿಂಗನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಪದ್ಮನಾಭ ರಾಯರು ಕೂತಿದ್ದರು.

ರಾಯರು ಇಳಿದು, ಕನ್ನಡಕ ಒರೆಸಿಕೊಂಡು, ಉದಯಕುಮಾರನ ಮುಖ ನೋಡದೆ ಹೇಳಿದರು:

"ನೀವು ಶ್ರೀರಂಗಪಟ್ಟಣದಲ್ಲಿದೀರಿ. ನಾನು ಉಪನ್ಯಾಸದಲ್ಲಿದೀನಿ."

ಮರುದಿನ ಸಂಜೆ ಕ್ಯಾರವಾನ್ ಬಸವೇಶ್ವರನಗರಕ್ಕೆ ಬಂದಾಗ ರಸ್ತೆಯವರೆಲ್ಲ ಸುತ್ತ ಸೇರಿದರು. ಹೊಳೆಯ ವಿಚಾರ ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಹಿಂದಿನ ತಗ್ಗಿನ ಮೇಲೆ. ಏನಾಯಿತು ಎಂದು ಹತ್ತು ಬಾಯಿ ಒಟ್ಟಿಗೆ ಕೇಳಿದವು. ಉದಯಕುಮಾರ ರಾಯರ ಕಡೆ ನೋಡಿದ. ರಾಯರು ಆಕಾಶ ನೋಡಿದರು.

"ರಿವರ್ಸ್ ತಗೊಳ್ವಾಗ ನಾನೇ ಮರಕ್ಕೆ ಗುದ್ದಿಬಿಟ್ಟೆ," ಎಂದ ಉದಯಕುಮಾರ.

ರಾಯರ ಮುಖಕ್ಕೆ ಮತ್ತೆ ಕಳೆ ಬಂತು. ಮುಂದೆ ಬಂದು, ಬಗ್ಗಿ, ತಗ್ಗಿನ ಮೇಲೆ ಬೆರಳಾಡಿಸಿ, ಎಲ್ಲರಿಗೂ ಕೇಳುವಂತೆ ನಿಡುಸುಯ್ದರು.

"ಅಭ್ಯಾಸ ಸಾಲದು ಉದಯಕುಮಾರ್. ಬರೋ ಭಾನುವಾರ ಗಾಡಿ ಹೊರಗೆ ತೆಗೀರಿ. ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ."

ಮಾನಸ ಗಂಡನ ಬಾಯನ್ನೇ ನೋಡುತ್ತಿದ್ದಳು. ಅದು ತೆರೆಯಿತು.

"ಆಗ್ಲಿ ಸಾರ್," ಎಂದ ಉದಯಕುಮಾರ.