ನಾಲ್ವರು ಸೇರಿ ಒಬ್ಬನಿಗೆ ಹೆಣ್ಣು ನೋಡಿದ್ದು

ನಾಲ್ಕು ಜನ ಕೂತು ಯೋಚಿಸಿದರೆ ತಪ್ಪಾಗುವುದಿಲ್ಲ ಎಂದು ನಂಬಿದ್ದವರು ನಾವು. ಹಾಗಾಗಿಯೇ ನಮಗೆ ಈಗ ಹೇಳಹೊರಟಿರುವಂಥ ಎಡವಟ್ಟುಗಳು ಆಗುತ್ತಲೇ ಇದ್ದವು. ನನಗೆ ಬರೆದು ಅಭ್ಯಾಸವಿಲ್ಲ. ಗೊಂದಲ ಆಗಬಾರದೆಂದು ಬಿಡಿಸಿ ಹೇಳುತ್ತೇನೆ. ನಾಲ್ಕು ಜನ ಅಂದರೆ ಫಿಟ್ಟರ್, ಟರ್ನರ್, ಸ್ಟೋರಿನ ಗುಮಾಸ್ತ, ಮತ್ತು ಬಡಗಿಯಾದ ನಾನು. ಐವತ್ತರ ದಶಕದ ಕೊನೆಯಲ್ಲಿ ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಚಿನ್ನದ ಗಣಿಯ ಊರಿಗಾಂ ವರ್ಕ್‌ಶಾಪಿಗೆ ಹೋಗುತ್ತಿದ್ದೆವು. ಯಾರ ಮನೆಯ ವಿಷಯವಾದರೂ ತೀರ್ಮಾನ ಆ ರೈಲಿನಲ್ಲೇ, ಎಲ್ಲರೂ ಸೇರಿ. ಹೀಗೆ ಸೇರಿ ಸೇರಿಯೇ ಫಿಟ್ಟರ್‌ಗೆ ಬಂದಿದ್ದ ಎರಡು ಸಂಬಂಧಗಳನ್ನು ತಪ್ಪಿಸಿದ್ದೆವು. ಮೂರನೆಯದನ್ನು ಅವನ ತಾಯಿಯೇ ನೋಡಿ ಒಪ್ಪಿ ಬಂದು ಹೇಳಿದರು: "ಓಗಿ ನೋಡ್ಕೊಂಡು ಬಾ. ಇದೂ ತಪ್ಪೋದ್ರೆ ನನ್ನತ್ರ ಮದುವೆ ಮಾತು ಎತ್ಬೇಡ."

ಅಂಗಿ

ಹೆಣ್ಣು ನೋಡಲು ಹೊಸ ಅಂಗಿ ಬೇಕಲ್ಲ, ಟೈಲರ್ ಹತ್ತಿರ ನಾಲ್ವರೂ ಹೋದೆವು. ತುಂಬು ತೋಳು ಅಂತ ಟರ್ನರ್, ಅರ್ಧ ತೋಳು ಅಂತ ಗುಮಾಸ್ತ. ನಾನು ಇಬ್ಬರಿಗೂ ತಲೆಯಾಡಿಸಿದೆ. ಹೊಲಿದು ಬಂದ ಅಂಗಿಯ ತೋಳು ಮೊಣಕೈ ದಾಟಿ, ಮಣಿಕಟ್ಟು ಮುಟ್ಟದೆ, ನಡುದಾರಿಯಲ್ಲಿ ನಿಂತಿತ್ತು.

"ಇದೇನಣ್ಣಾ?" ಅಂದ ಫಿಟ್ಟರ್.

"ಯಾರ್ಗೂ ಬೇಜಾರ್ ಮಾಡ್ಬಾರ್ದು ಅಂತ ಅಲ್ಲೇ ನಿಲ್ಸಿದೆ" ಅಂದ ಟೈಲರ್.

ಸ್ಟೇಷನ್

ಭಾನುವಾರ ರೈಲು ಹತ್ತಿದೆವು. ಹುಡುಗಿಯ ಮನೆ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ, ಎರಡು ಸ್ಟೇಷನ್ ನಡುವೆ. ಊರಿಗಾಂನಲ್ಲಿ ಇಳಿದರೆ ಹತ್ತಿರವೋ, ಮುಂದಿನದರಲ್ಲಿ ಇಳಿದರೋ ಎಂದು ಚರ್ಚೆ ಬಿತ್ತು. ಎರಡೂ ಸ್ಟೇಷನ್ ಬಂದವು, ಹೋದವು. ಮಾರಿಕುಪ್ಪಂನಲ್ಲಿ ಗಾರ್ಡ್ ಬಂದು ಕಿಟಕಿ ತಟ್ಟಿದ: "ಇಳೀರಪ್ಪಾ, ಮುಂದಕ್ಕೆ ಹಳಿ ಇಲ್ಲ."

ನಲ್ಲಿ

ಬಿಸಿಲಲ್ಲಿ ಹಿಂದಕ್ಕೆ ನಡೆದು ಮನೆ ಸೇರಿದೆವು. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದಳು. ಅವಳ ತಂದೆ, "ನಮ್ದೇನಿಲ್ಲಪ್ಪಾ, ನೀವು ಹೂಂ ಅಂದ್ರೆ ಆಯ್ತು" ಅಂದರು. ಫಿಟ್ಟರ್ ನಮ್ಮ ಮುಖ ನೋಡಿದ. ಮಾತಾಡಿಕೊಂಡು ಬರುತ್ತೇವೆಂದು ನಾಲ್ವರೂ ಎದ್ದು ಬೀದಿ ನಲ್ಲಿಯ ಪಕ್ಕ ನಿಂತೆವು.

"ಉಡುಗಿ ಒಂದ್ ಮಾತೂ ಆಡ್ಲಿಲ್ಲ ಕಣ್ಲಾ" ಅಂದ ಟರ್ನರ್.

"ಮಾತು ಕಮ್ಮಿ ಇದ್ರೆ ಒಳ್ಳೇದೇ ಅಲ್ವಾ?" ಅಂದ ಗುಮಾಸ್ತ.

"ಇನ್ನೊಂದ್ಸಲ ಬಂದು ನೋಡಾಣ" ಅಂದೆ ನಾನು.

ಇಲ್ಲೊಂದು ವಿಷಯ ಹೇಳಬೇಕು. ಲೈನ್ ಮನೆಗಳಲ್ಲಿ ನಲ್ಲಿ ನೀರು ಬರುವುದು ಹೊತ್ತುಹೊತ್ತಿಗೆ. ಹೆಣ್ಣು ನೋಡಲು ಜನ ಬಂದಿದ್ದಾರೆಂದು ನೀರು ಕಾಯುವುದಿಲ್ಲ. ತಿರುಗಿ ನೋಡಿದರೆ ಹುಡುಗಿ ಬಿಂದಿಗೆ ಹಿಡಿದು ನಮ್ಮ ಬೆನ್ನ ಹಿಂದೆಯೇ ನಿಂತಿದ್ದಳು. ಬಿಂದಿಗೆಯನ್ನು ನಲ್ಲಿಗೆ ಇಟ್ಟು ನೇರವಾಗಿ ಫಿಟ್ಟರ್‌ನನ್ನೇ ಕೇಳಿದಳು: "ನೀವೇನಂತೀರಾ?"

ಅವನು ಅಭ್ಯಾಸದಂತೆ ನಮ್ಮ ಕಡೆ ನೋಡಿದ.

"ಅವರನ್ನ ಕೇಳಿಲ್ಲ. ನಾನು ಮದುವೆ ಆಗೋದು ಅವರನ್ನಲ್ಲ."

ಫಿಟ್ಟರ್ ಮುಖ ಕೆಂಪಾಯಿತು. ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಬಾಯಿಬಿಟ್ಟ: "ನಂಗೆ ಒಪ್ಪಿಗೆ."

"ನಂಗೂ" ಅಂದಳು.

"ಲೇ, ಇರ್ಲಾ! ನಾವಿನ್ನೂ ತೀರ್ಮಾನ ಮಾಡಿಲ್ಲ!" ಎಂದು ಕೂಗಿದ ಟರ್ನರ್.

ಅವಳು ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡಳು. "ಅವಸರ ಏನಿಲ್ಲಣ್ಣಾ, ನಿಧಾನವಾಗಿ ಮಾಡಿ. ಮದುವೆ ಊಟಕ್ಕೆ ಬಂದಾಗ ಹೇಳೀರಂತೆ."