ಗೌರವದ ಗೋಡೆಗೆ ಮೂರು ಮೊಳೆ

ಎಂಬತ್ತನಾಲ್ಕನೇ ಇಸವಿಯ ಫೈನಲಿನಲ್ಲಿ ಯಜ್ಞೇಶ್ವರರ ಎದೆಗೆ ಬಡಿದ ಪೆನಾಲ್ಟಿ ಚೆಂಡು ಬಂದಷ್ಟೇ ವೇಗದಲ್ಲಿ ಹಿಂದಕ್ಕೆ ಹಾರಿತು. ಇಪ್ಪತ್ತೊಂದು ಆಟಗಾರರ ತಲೆಯ ಮೇಲಿಂದ ಸಾಗಿ, ಆಚೆ ತುದಿಯ ಗೋಲಿನ ಬಲೆಯನ್ನು ಹರಿದುಕೊಂಡು ಹೋಗಿ, ಅಲ್ಲಿ ಕೂತು ನೆಲಗಡಲೆ ಮಾರುತ್ತಿದ್ದವನ ಬುಟ್ಟಿಯೊಳಗೆ ಬಿತ್ತು. ರೆಫರಿ ಸೀಟಿ ಊದುವುದನ್ನು ಮರೆತು ಕೈಮುಗಿದ.

ಹೀಗೆಂದು ನಲವತ್ತು ವರ್ಷಗಳಿಂದ ಹೇಳುತ್ತ ಬಂದವರು ಸ್ವತಃ ಯಜ್ಞೇಶ್ವರರೇ. ಮೊದಮೊದಲು ಚೆಂಡು ಅವರ ಎದೆಗೆ ತಾಗಿ ಅಲ್ಲೇ ಬೀಳುತ್ತಿತ್ತು. ಮದುವೆಯಾದ ಮೇಲೆ ಮೈದಾನದ ನಡುಗೆರೆಯವರೆಗೆ ಹೋಗತೊಡಗಿತು. ಮಗಳು ಹುಟ್ಟಿದ ವರ್ಷ ಎದುರಿನ ಗೋಲನ್ನು ಮುಟ್ಟಿತು. ನೆಲಗಡಲೆಯ ಬುಟ್ಟಿ ಸೇರಿದ್ದು, ಅವರು ಹೋಟೆಲಿನ ಮ್ಯಾನೇಜರ್ ಕೆಲಸದಿಂದ ನಿವೃತ್ತರಾಗಿ ಮುಂಬಯಿ ಪಕ್ಕದ ಘಣಸೋಲಿಯ ಹೌಸಿಂಗ್ ಸೊಸೈಟಿಯ ಕಲ್ಲುಬೆಂಚಿನ ಮೇಲೆ ಸಂಜೆ ಹೊತ್ತು ಕೂರತೊಡಗಿದ ಮೇಲೆ.

ಕೇಳಿದವರು ಬುಟ್ಟಿಯನ್ನು ನಂಬುತ್ತಿರಲಿಲ್ಲ. ಆದರೆ ಪೆನಾಲ್ಟಿಯನ್ನು ಯಾರೂ ಅನುಮಾನಿಸಿರಲಿಲ್ಲ.

ಅನುಮಾನಿಸಬೇಕಿತ್ತು. ಅಂದು ಯಜ್ಞೇಶ್ವರರು ಮೈದಾನದ ಹತ್ತಿರವೂ ಸುಳಿದಿರಲಿಲ್ಲ. ಅವರ 'ಸುವರ್ಣಾ ಸ್ಪೋರ್ಟ್ಸ್' ಬೇರೆ ಬೇರೆ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗೆ ಹೋಗುವ ಹುಡುಗರ ಟೀಮು. ಆಟಗಾರನ ಕಾರ್ಡಿನಲ್ಲಿ ಹೆಸರು ಮತ್ತು ಸಹಿ ಅಷ್ಟೇ, ಫೋಟೋ ಇರುತ್ತಿರಲಿಲ್ಲ. ಅವರು ಆ ಕಾರ್ಡನ್ನು ಶಂಕ್ರೆಪ್ಪನೆಂಬ ಬಂದರಿನ ಹಮಾಲನ ಕೈಗಿಟ್ಟು, ನನ್ನ ಹೆಸರಿನಲ್ಲಿ ಗೋಲು ಕಾಯ್ದು ಬಾ ಎಂದು ಕಳಿಸಿದ್ದರು. ಮರುದಿನ ಶಂಕ್ರೆಪ್ಪ ಕಾರ್ಡು ತಂದುಕೊಟ್ಟು, ಕಪ್ ನಮ್ಮದೇ, ನಿಮ್ಮ ಹೆಸರಿಗೆ ಒಂದು ಗೋಲೂ ಬಿದ್ದಿಲ್ಲ ಎಂದಷ್ಟೇ ಹೇಳಿ ಹೋದ. ಒಂದು ಚಮಚ ಹೆಪ್ಪಿನಿಂದ ಒಂದು ಹಂಡೆ ಮೊಸರು ಮಾಡಿದ ಹಾಗೆ ಆ ಒಂದು ಮಾತಿನಿಂದ ಯಜ್ಞೇಶ್ವರರು ಪೆನಾಲ್ಟಿ, ಬಲೆ, ಬುಟ್ಟಿ ಎಲ್ಲವನ್ನೂ ಮಾಡಿಕೊಂಡರು.

ಕಲ್ಲುಬೆಂಚಿನ ಮೇಲೆ ಇದ್ದಷ್ಟು ಕಾಲ ಆ ಮೊಸರು ಕೆಡಲಿಲ್ಲ. ಕೆಡಿಸಿದ್ದು ಅವರ ಮಗಳು ಶ್ರದ್ಧಾ.

ಅಲ್ಲಿಯ ಕನ್ನಡ ಸಂಘದ ಹೊಸ ಸಭಾಗೃಹದಲ್ಲಿ ಒಂದು ಗೋಡೆ ಖಾಲಿ ಉಳಿದಿತ್ತು. ಅದನ್ನು 'ಗೌರವದ ಗೋಡೆ' ಮಾಡಿ, ಸುವರ್ಣಾ ಟೀಮಿನ ಹಳೆಯ ಫುಟ್ಬಾಲ್ ಆಟಗಾರರಲ್ಲಿ ಅತ್ಯಂತ ಯೋಗ್ಯರಾದ ಮೂವರ ಭಾವಚಿತ್ರ ತೂಗುಹಾಕುವುದೆಂದು ಠರಾವಾಗಿ, ಆಗಲೇ ಮೂರು ಮೊಳೆ ಹೊಡೆದೂ ಆಗಿತ್ತು. ಯಾರು ಆ ಮೂವರು ಎಂಬ ಚರ್ಚೆ ಭಾನುವಾರ ಸಂಜೆ ನಾಲ್ಕಕ್ಕೆ. ಶ್ರದ್ಧಾ ಅಮ್ಮನ ಟ್ರಂಕಿನಿಂದ ಹಳೆಯ ಪತ್ರಿಕೆಯ ತುಂಡು ಹುಡುಕಿ, ಲ್ಯಾಮಿನೇಟ್ ಮಾಡಿಸಿ, ಅಪ್ಪನ ಹೆಸರಿನಲ್ಲಿ ಅರ್ಜಿ ಕಳಿಸಿದ್ದಳು. ತುಂಡಿನಲ್ಲಿ ಇದ್ದದ್ದು ಎರಡೇ ಸಾಲು: ಸುವರ್ಣಾಕ್ಕೆ ಕಪ್, ಮತ್ತು ಹನ್ನೊಂದು ಹೆಸರು. ಕೊನೆಯ ಹೆಸರು ಯಜ್ಞೇಶ್ವರ, ಗೋಲ್‌ಕೀಪರ್.

ಭಾನುವಾರ ಬೆಳಿಗ್ಗೆ ಸುದ್ದಿ ತಿಳಿದಾಗ ಯಜ್ಞೇಶ್ವರರ ಕೈಯಲ್ಲಿದ್ದ ಚಾ ಮೊಣಕಾಲಿನ ಮೇಲೆ ಚೆಲ್ಲಿತು.

"ಪಪ್ಪಾ, ಟೆನ್ಶನ್ ಮತ್ ಲೋ," ಎಂದಳು ಶ್ರದ್ಧಾ. "ಮೈನೇ ಪೂರೇ ಆಫೀಸ್ ಕೋ ಬತಾಯಾ ಹೈ."

ಇಡೀ ಆಫೀಸಿಗೆ ಹೇಳಿಬಂದಿದ್ದ ಅವಳ ಕಣ್ಣಿನಲ್ಲಿದ್ದ ಹೆಮ್ಮೆಯನ್ನು ನೋಡಲಾರದೆ ಅವರು ಪಂಚೆಯ ಮೇಲಿನ ಚಾದ ಕಲೆಯನ್ನು ಬಹಳ ಹೊತ್ತು ಉಜ್ಜಿದರು. ಕಲ್ಲುಬೆಂಚಿನ ಮೇಲಿನ ಸುಳ್ಳು ಬೇರೆ, ಗೋಡೆಗೆ ಮೊಳೆ ಹೊಡೆದು ತೂಗಿಸುವ ಸುಳ್ಳು ಬೇರೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಆ ಹನ್ನೊಂದರಲ್ಲಿ ಇನ್ನಿಬ್ಬರು ಇಲ್ಲೇ ಇದ್ದರು: ಎರಡು ಗೋಲು ಹೊಡೆದರೆಂದು ಹೆಸರಾದ ಕ್ಯಾಪ್ಟನ್ ಪ್ರೇಮನಾಥರು, ಬ್ಯಾಕ್ ಆಡಿದ ವಸಂತಕುಮಾರರು. ಮೈದಾನದಲ್ಲಿದ್ದ ಅವರಿಗೆ ಗೋಲಿನಲ್ಲಿ ನಿಂತವರು ಯಾರೆಂದು ಗೊತ್ತಿಲ್ಲದೆ ಇರುತ್ತದೆಯೇ? ಆದರೂ ನಲವತ್ತು ವರ್ಷ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಎಂಥ ದೊಡ್ಡ ಮನಸ್ಸು. ಆ ಉಪಕಾರಕ್ಕಾಗಿ ಯಜ್ಞೇಶ್ವರರು ಎಷ್ಟೋ ಮದುವೆಮನೆಗಳಲ್ಲಿ ಪ್ರೇಮನಾಥರ ಎರಡು ಗೋಲನ್ನು ಕಣ್ಣಾರೆ ಕಂಡೆನೆಂದು ವರ್ಣಿಸಿದ್ದರು. ವರ್ಣನೆಯಲ್ಲಿ ಎರಡನೆಯ ಗೋಲು ಒಮ್ಮೊಮ್ಮೆ ಮಿಂಚು ಕೂಡ ಹೊಡೆಸುತ್ತಿತ್ತು.

ಹೆಸರು ಹಿಂತೆಗೆದುಕೊಳ್ಳೋಣವೆಂದು ಅವರು ಪ್ರೇಮನಾಥರ ಹೋಟೆಲಿಗೆ ಹೊರಟರು. ಹೋಟೆಲು ಠಾಣೆಯ ಮಾಜಿವಾಡಾದಲ್ಲಿ. ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಇದ್ದದ್ದರಿಂದ ಠಾಣೆಯ ಲೋಕಲ್ ಇರಲಿಲ್ಲ. ಎರಡು ಬಸ್ಸು, ಒಂದು ಶೇರ್ ರಿಕ್ಷಾ ಬದಲಾಯಿಸಿ ತಲುಪುವಷ್ಟರಲ್ಲಿ ಅಂಗಿ ನೆನೆದು ಇಡ್ಲಿ ಬಟ್ಟೆಯಾಗಿತ್ತು.

ಪ್ರೇಮನಾಥರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದು ಕೈಹಿಡಿದು ಕೂರಿಸಿದರು. ಗೋಳಿಬಜೆ ತರಿಸಿದರು. ಯಜ್ಞೇಶ್ವರರು ತಮಗೆ ಗೋಡೆಯ ಯೋಗ್ಯತೆ ಇಲ್ಲವೆಂದು ತೊದಲಲು ಹೊರಟಾಗ ಅವರ ಬಾಯಿಗೆ ಒಂದು ಗೋಳಿಬಜೆಯನ್ನೇ ತುರುಕಿದರು.

"ಯಜ್ಞೇಶಣ್ಣ, ಹಳೆ ಕತೆ ಕೆದಕುವುದು ಬೇಡ ಮಾರಾಯ್ರೆ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ನೀವು ನನ್ನ ಬಗ್ಗೆ ಎಷ್ಟು ಒಳ್ಳೆ ಮಾತಾಡಿದ್ದೀರಿ, ನನಗೆ ಗೊತ್ತುಂಟು. ನೀವು, ನಾನು, ವಸಂತಣ್ಣ. ಮೂರು ಮೊಳೆ, ಮೂರು ಜನ. ಮುಗೀತಲ್ವಾ?"

ಆ ಔದಾರ್ಯಕ್ಕೆ ಯಜ್ಞೇಶ್ವರರ ಕಣ್ಣು ತುಂಬಿತು. ಎಲ್ಲ ಗೊತ್ತಿದ್ದೂ ಪಕ್ಕದಲ್ಲಿ ಕೂರಿಸುತ್ತಾರಲ್ಲ. ನಾಚಿಕೆಯಿಂದ ಅವರು ಇನ್ನೂ ಆರು ಗೋಳಿಬಜೆ ತಿಂದರು.

ಮನೆಗೆ ಮರಳಿದರೆ ಸೊಸೈಟಿಯ ಗೇಟಿನ ಎದುರು ಹಾಸಿಗೆ ಹಾಸಿತ್ತು. ಪಕ್ಕದಲ್ಲಿ ಲೋಲಾಕ್ಷಿ. ಎದುರು ಫ್ಲ್ಯಾಟಿನ ಈಕೆ ಸಂಘದ ಮಹಿಳಾ ವಿಭಾಗದ ಕಾರ್ಯದರ್ಶಿ. ಬೇರೆಯವರ ಮನೆಯ ಹಾಲು ಉಕ್ಕಿದರೂ ಓಡಿಹೋಗಿ ಒಲೆ ಆರಿಸುವ ಹೆಂಗಸು. ಗೋಡೆಗೆ ಪಾಸ್‌ಪೋರ್ಟ್ ಫೋಟೋ ಚಂದ ಕಾಣುವುದಿಲ್ಲ, ಗೋಲ್‌ಕೀಪರ್ ಅಂದಮೇಲೆ ಹಾರುವ ಫೋಟೋನೇ ಬೇಕು ಎಂದು ಆಕೆ ತೀರ್ಮಾನಿಸಿ, ತನ್ನ ಹಾಸಿಗೆಯನ್ನೇ ಕೆಳಗಿಳಿಸಿದ್ದಳು.

ಅರವತ್ತಮೂರು ವಯಸ್ಸಿನ ಯಜ್ಞೇಶ್ವರರು ಮೊದಲ ಸಲ ಹಾರಿದಾಗ ಶ್ರದ್ಧಾಳ ಫೋನಿನಲ್ಲಿ ಕಾಲು ಮಾತ್ರ ಬಂತು. ಎರಡನೇ ಸಲ ಚೆಂಡು ಮಾತ್ರ ಬಂತು. ಏಳನೇ ಸಲ ಎಲ್ಲವೂ ಬಂತು, ಸೊಂಟ ಮಾತ್ರ ಹೋಯಿತು. ಕಟ್ಟಡದ ಮೂರೂ ವಿಂಗಿನ ಬಾಲ್ಕನಿಗಳಿಂದ ಬಂದ ಚಪ್ಪಾಳೆಗೆ ವಾಶಿ ಖಾಡಿಯ ಕೆಸರಿನಲ್ಲಿ ನಿಂತಿದ್ದ ಫ್ಲೆಮಿಂಗೋ ಹಕ್ಕಿಗಳೆಲ್ಲ ಎದ್ದು ದೂರದ ಉರಣಕ್ಕೆ ಹಾರಿಹೋದವು. ಹಾಸಿಗೆಯ ಮೇಲೆ ಮಕಾಡೆ ಬಿದ್ದಿದ್ದ ಯಜ್ಞೇಶ್ವರರಿಗೆ ಮುಖ ಎತ್ತಲು ಮನಸ್ಸಾಗಲಿಲ್ಲ. ಸೊಂಟನೋವಿನಿಂದ ಎಂದು ಎಲ್ಲರೂ ತಿಳಿದರು. ಹೆಂಡತಿ ವಿಮಲಾ ಮಾತ್ರ ಬಾಲ್ಕನಿಯಿಂದ ನೋಡಿ ಒಳಗೆ ಹೋದರು.

ಸಂಜೆ ಸಭಾಗೃಹ ತುಂಬಿತ್ತು. ಸಂಘದ ಅಧ್ಯಕ್ಷರಾದ ಪ್ರೇಮನಾಥರೇ ಉಮೇದುವಾರರಾದ್ದರಿಂದ ಲೋಲಾಕ್ಷಿ ಮೈಕು ಹಿಡಿದಳು. ಮೂರು ಮೊಳೆಗೆ ಮೂರು ಹೆಸರು ಎಂದು ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಸಭೆಗೆ ನಾಲ್ಕನೇ ಹೆಸರು ತಂದವನು ಸೀವುಡ್ಸ್‌ನ ಜಯೇಶ್. ಅವನ ತೀರಿಹೋದ ತಂದೆ ಮೋನಪ್ಪ ಸುವರ್ಣಾಕ್ಕೆ ಹನ್ನೊಂದು ವರ್ಷ ಆಡಿದವರು. ಬರಿಗಾಲಿನಲ್ಲಿ ಆಡಿ ಎರಡು ಬೆರಳು ಮುರಿದುಕೊಂಡವರು.

ಚರ್ಚೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಸಿಡಿಯಿತು. ಒಂದೇ ದಿನ ಮಿಂಚಿದವನು ದೊಡ್ಡವನೋ, ಹನ್ನೊಂದು ವರ್ಷ ಬೆವರಿದವನೋ? ತೀರಿಹೋದವರಿಗೆ ಮೊದಲ ಮೊಳೆಯೋ, ಬದುಕಿದ್ದವರಿಗೋ? ಬದುಕಿರುವವರ ಫೋಟೋ ಗೋಡೆಗೆ ಹಾಕಿದರೆ ಯಾರಾದರೂ ಅಭ್ಯಾಸಬಲದಿಂದ ಹಾರ ಹಾಕಿಬಿಟ್ಟರೆ ಗತಿಯೇನು ಎಂದು ವಸಂತಕುಮಾರರು ಬಿ.ಪಿ. ಮಾತ್ರೆ ನುಂಗಿ ಕೇಳಿದರು. ಡೊಂಬಿವಿಲಿಯಿಂದ ಬಂದವರೊಬ್ಬರು ಬೆರಳು ಮುರಿದುಕೊಂಡದ್ದು ಗೋಲಿನ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಬರುತ್ತದೆ ಎಂದು ಇನ್ನೊಬ್ಬರು ಚಪ್ಪಲಿ ಕಳಚಿ ತಮ್ಮ ಬೆರಳು ತೋರಿಸಿದರು.

ಕೊನೆಗೆ ಪ್ರೇಮನಾಥರು ಎದ್ದು ನಿಂತರು. ಮೋನಪ್ಪ ಒಳ್ಳೆಯ ಆಟಗಾರನೇ, ಆದರೆ ಟೈಫಾಯ್ಡ್ ಎಂದು ಎಂಬತ್ತನಾಲ್ಕರ ಫೈನಲಿಗೆ ಬರಲಿಲ್ಲವಲ್ಲ ಎಂದರು.

"ಫೈನಲಿಗೆ ಬಾರದವನನ್ನು ಈ ಗೋಡೆಗೆ ಹಾಕುವುದು ಅಂದ್ರೆ, ಮದುವೆಗೆ ಬಾರದ ಮದುಮಗನಿಗೆ ಆರತಿ ಎತ್ತಿದ ಹಾಗೆ. ಏನಂತೀರಿ ಯಜ್ಞೇಶಣ್ಣ?"

ಇಡೀ ಸಭೆ ಅವರತ್ತ ತಿರುಗಿತು. ಯಜ್ಞೇಶ್ವರರು ಹೌದೆಂದು ತಲೆಯಾಡಿಸಿದರು. ಆಡಿಸಿದ ತಲೆಯನ್ನು ಅಲ್ಲೇ ಕಿತ್ತು ಕುರ್ಚಿಯ ಕೆಳಗೆ ಇಟ್ಟುಬಿಡಬೇಕು ಎನ್ನಿಸಿತು ಅವರಿಗೆ. ಜಯೇಶ್ ತಂದೆಯ ಫೋಟೋವನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದ.

"ಒಂದು ನಿಮಿಷ," ಎಂದಳು ಲೋಲಾಕ್ಷಿ. "ನಾನು ಇಲ್ಲಿಂದ ಕಲ್ಯಾಣದವರೆಗೆ ಎಲ್ಲ ಗ್ರೂಪಿಗೂ ಮೆಸೇಜ್ ಹಾಕಿದ್ದೆ, ಆ ಫೈನಲ್ ಕಂಡವರು ಯಾರಾದ್ರೂ ಇದ್ದರೆ ಬನ್ನಿ ಅಂತ. ಒಬ್ಬರು ಸಿಕ್ಕಿದ್ದಾರೆ. ನಮ್ಮ ಯಜ್ಞೇಶಣ್ಣ ಪೆನಾಲ್ಟಿ ಹಿಡಿದದ್ದನ್ನು ಅವರ ಬಾಯಲ್ಲೇ ಕೇಳುವ."

ಬಾಗಿಲಿನಿಂದ ಬಿಳಿ ಟೋಪಿಯ ಮುದುಕರೊಬ್ಬರು ಬಂದರು. ನಲವತ್ತು ವರ್ಷದಲ್ಲಿ ಮೀಸೆ ಬೆಳ್ಳಗಾಗಿತ್ತು, ಭುಜ ಮಾತ್ರ ಹಮಾಲನದೇ. ಶಂಕ್ರೆಪ್ಪ.

ಅದೇ ಹೊತ್ತಿಗೆ ಶ್ರದ್ಧಾ ಪ್ರೊಜೆಕ್ಟರ್ ಹಚ್ಚಿದಳು. ಗೌರವದ ಗೋಡೆಯ ತುಂಬ ಹಾಸಿಗೆಯ ಮೇಲೆ ಹಾರುತ್ತಿರುವ ಯಜ್ಞೇಶ್ವರರು ಮೂಡಿದರು. ಅದರ ಮುಂದೆ ನಿಜವಾದ ಯಜ್ಞೇಶ್ವರರು ಸೊಂಟ ಹಿಡಿದುಕೊಂಡು ಎದ್ದು ನಿಂತರು.

"ಲೋಲಾಕ್ಷಿಯಕ್ಕ, ಅವರನ್ನು ಕೇಳುವುದು ಬೇಡ. ನಾನೇ ಹೇಳ್ತೇನೆ. ಆ ದಿನ ಗೋಲಿನಲ್ಲಿ ನಿಂತದ್ದು ನಾನಲ್ಲ, ಇವರು. ನನ್ನದು ಬರೀ ಕಾರ್ಡು." ಶಂಕ್ರೆಪ್ಪನತ್ತ ಕೈ ತೋರಿಸಿದರು. "ಪ್ರೇಮಣ್ಣ, ವಸಂತಣ್ಣ ಇಬ್ಬರೂ ಮೈದಾನದಲ್ಲಿದ್ದರು. ಎಲ್ಲ ಗೊತ್ತಿದ್ದೂ ನಲವತ್ತು ವರ್ಷ ನನ್ನ ಮಾನ ಉಳಿಸಿದರು. ಅವರ ಕಾಲಿಗೆ ಬೀಳ್ತೇನೆ. ನನ್ನ ಮೊಳೆ ಮೋನಪ್ಪಣ್ಣನಿಗೆ ಕೊಡಿ."

ಬೀಳಲು ಬಗ್ಗಿದರು. ಸೊಂಟ ಅರ್ಧದಲ್ಲೇ ನಿಂತಿತು. ಆ ಭಂಗಿಯಲ್ಲೇ ಅವರು ತಲೆಯೆತ್ತಿ ನೋಡಿದರೆ ಪ್ರೇಮನಾಥರ ಮುಖ ಕಾವಲಿಯ ಮೇಲೆ ಮರೆತುಹೋದ ದೋಸೆಯಂತೆ ಕಪ್ಪಿಟ್ಟಿತ್ತು.

"ನನಗೆ ಹೇಗೆ ಗೊತ್ತಿರುವುದು ಮಾರಾಯ್ರೆ," ಎಂದರು ಅವರು. "ಆ ದಿನ ನಾನೇ ಇರಲಿಲ್ಲ. ಆದಿತ್ಯವಾರ ಮಧ್ಯಾಹ್ನ ಊಟದ ರಶ್ಶು, ಧಣಿ ರಜೆ ಕೊಡಲಿಲ್ಲ. ದೋಸೆ ಹೊಯ್ಯುತ್ತಿದ್ದೆ. ಕಾರ್ಡನ್ನು ಬಂದರಿನ ಒಬ್ಬನ ಹತ್ತಿರ ಕಳಿಸಿದ್ದೆ. ನೀವು ಗೋಲಿನಲ್ಲಿ ನಿಂತು ಎಲ್ಲ ನೋಡಿದ್ದೀರಿ, ನನ್ನನ್ನು ಬಿಟ್ಟುಕೊಡಲಿಲ್ಲ ಅಂತ ನಾನು ಇಷ್ಟು ವರ್ಷ..."

"ಹಾಗಾದ್ರೆ ನಾನು ನಿಮ್ಮಿಬ್ಬರಿಗೂ ಹೆದರಿದ್ದು ಯಾಕೆ?" ಎಂದು ವಸಂತಕುಮಾರರು ಕುರ್ಚಿಯಲ್ಲಿ ಕುಸಿದರು. ಆ ಮಧ್ಯಾಹ್ನ ಅವರು ಜ್ಯೂಸ್ ಕೌಂಟರಿನಲ್ಲಿ ಮೋಸಂಬಿ ಹಿಂಡುತ್ತಿದ್ದರಂತೆ.

ಮೈದಾನಕ್ಕೆ ಬಂದ ಹನ್ನೊಂದೂ ಮಂದಿ ತನ್ನ ಜೊತೆಯ ಹಮಾಲರೇ ಎಂದು ಶಂಕ್ರೆಪ್ಪ ಹೇಳಿದ ಮೇಲೆ ವಿಷಯ ತಾನಾಗಿಯೇ ಬಿಚ್ಚಿಕೊಂಡಿತು. ಭಾನುವಾರ ಮಧ್ಯಾಹ್ನ ಮುಂಬಯಿಯ ಯಾವ ಹೋಟೆಲಿನ ಧಣಿಯೂ ಯಾವ ಹುಡುಗನಿಗೂ ರಜೆ ಕೊಟ್ಟ ಚರಿತ್ರೆ ಇಲ್ಲ. ಹನ್ನೊಂದು ಹುಡುಗರೂ ಒಬ್ಬರಿಗೊಬ್ಬರು ತಿಳಿಯದಂತೆ, ರಜೆಯಿದ್ದ ಹನ್ನೊಂದು ಹಮಾಲರ ಕೈಗೆ ಕಾರ್ಡು ಕೊಟ್ಟಿದ್ದರು. ಉಳಿದ ಹತ್ತು ಜನ ನಿಜವಾಗಿ ಆಡಿದರು, ತಾನೊಬ್ಬನೇ ಕಳ್ಳ ಎಂದು ಪ್ರತಿಯೊಬ್ಬನೂ ನಲವತ್ತು ವರ್ಷ ನಾಚಿಕೆ ನುಂಗುತ್ತ, ಇನ್ನೊಬ್ಬನ ಗೋಲನ್ನು ಹೊಗಳುತ್ತ ಬಂದಿದ್ದ.

ಸಭೆಗೆ ನಗುವುದೋ ಬಯ್ಯುವುದೋ ತಿಳಿಯಲಿಲ್ಲ. ಲೋಲಾಕ್ಷಿ ಮೈಕನ್ನು ಶಂಕ್ರೆಪ್ಪನ ಬಾಯಿಗೆ ಹಿಡಿದಳು. ಹೋಗಲಿ, ಪೆನಾಲ್ಟಿ ನಿಜವಾಗಿ ಹಿಡಿದವರು ನೀವೇ ತಾನೆ, ಒಂದು ಮೊಳೆ ನಿಮಗೇ ಕೊಡುತ್ತೇವೆ ಎಂದಳು.

ಶಂಕ್ರೆಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಯಾವ ಪೆನಾಲ್ಟಿ ಅಕ್ಕಾರ? ಆಟ ಎಲ್ಲಿ ಆತು? ಎದುರಿನವರೂ ಹೋಟೆಲಿನ ಹುಡುಗರೇ. ಅವರಿಗೂ ಸೂಟಿ ಸಿಕ್ಕಿರಲಿಲ್ಲ, ಬದಲಿ ಮಂದೀನೂ ಸಿಕ್ಕಿರಲಿಲ್ಲ. ರೆಫರಿ ಮುಕ್ಕಾಲು ತಾಸು ಕಾದ, ಒಬ್ಬನೂ ಬರಲಿಲ್ಲ, ಕಪ್ ನಮ್ಮ ಕೈಯಾಗ ಕೊಟ್ಟ. ಚಾ ಕುಡದು ಬಂದ್ವಿ." ಯಜ್ಞೇಶ್ವರರತ್ತ ತಿರುಗಿ, "ನಾ ನಿಮಗ ಸುಳ್ಳೇನ ಹೇಳಿಲ್ಲರೀ. ಒಂದೂ ಗೋಲ್ ಬಿದ್ದಿಲ್ಲ ಅಂದೆ. ಬಿದ್ದಿರಲಿಲ್ಲ," ಎಂದ.

ಕದ್ದಿಟ್ಟದ್ದನ್ನು ಹಿಂದಕ್ಕೆ ಕೊಡೋಣವೆಂದರೆ ಕದ್ದದ್ದೇ ಏನೂ ಇರಲಿಲ್ಲ. ಇಲ್ಲದ ಪೆನಾಲ್ಟಿಗಾಗಿ ಯಜ್ಞೇಶ್ವರರು ನಲವತ್ತು ವರ್ಷ ನಾಚಿಕೊಂಡಿದ್ದರು, ಇಲ್ಲದ ಪೆನಾಲ್ಟಿಗಾಗಿ ಸೊಂಟ ಕಳೆದುಕೊಂಡಿದ್ದರು.

ಗೋಡೆಗೆ ಒಂದೇ ಫೋಟೋ ಸಾಕು ಎಂದು ಲೋಲಾಕ್ಷಿ ಸಾರಿದಳು. ಜಯೇಶ್ ಸ್ಟೂಲು ಹತ್ತಿ ತಂದೆಯ ಫೋಟೋವನ್ನು ನಡುವಿನ ಮೊಳೆಗೆ ತೂಗಿಸಿದ. ಎರಡೂ ಬದಿಯ ಮೊಳೆಗಳನ್ನು ಕಿತ್ತರು. ಕೆಳಗೆ ಸ್ಟೂಲು ಅಲುಗಾಡದಂತೆ ಹಿಡಿದುಕೊಂಡವರು ಮೂವರು: ಕ್ಯಾಪ್ಟನ್, ಬ್ಯಾಕ್, ಗೋಲ್‌ಕೀಪರ್.

ಹೊರಗೆ ರಿಕ್ಷಾಕ್ಕೆ ಕಾಯುವಾಗ ಶ್ರದ್ಧಾ ಫೋನು ತೆಗೆದು ಹಾರುವ ಫೋಟೋ ನೋಡಿ ಮತ್ತೆ ಒಳಗಿಟ್ಟಳು. ನಾಳೆ ಆಫೀಸಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದಳೋ ಏನೋ. ಕೊನೆಗೆ, ಹಾಗಾದರೆ ಆ ದಿನ ಅಪ್ಪ ಇದ್ದದ್ದಾದರೂ ಎಲ್ಲಿ ಎಂದು ಕೇಳಿದಳು:

"ಪಪ್ಪಾ, ಫಿರ್ ಉಸ್ ದಿನ್ ಆಪ್ ಕಹಾಂ ಥೇ?"

ಯಜ್ಞೇಶ್ವರರ ಎದೆ ಅಭ್ಯಾಸದಂತೆ ಅರ್ಧ ಅಂಗುಲ ಉಬ್ಬಿತು.

"ಹೋಟೆಲಿನ ಹಿಂದೆ ಬಟಾಟೆ ಸುಲಿಯುತ್ತಿದ್ದೆ ಮಗಾ. ಮೂರು ಕ್ವಿಂಟಲ್. ಒಬ್ಬನೇ. ಸುಲಿದೂ ಸುಲಿದೂ ಚಾಕು ಕಾದು ಕೆಂಪಾಗಿ..."

ಪಕ್ಕದಲ್ಲಿ ನಿಂತಿದ್ದ ವಿಮಲಾ ತಿರುಗಿ ಅವರನ್ನು ನೋಡಿದರು.

"ಒಂದು ಮೂಟೆ," ಎಂದರು ಯಜ್ಞೇಶ್ವರರು.

ವಿಮಲಾ ಇನ್ನೂ ನೋಡುತ್ತಲೇ ಇದ್ದರು.

"ಅರ್ಧ ಮೂಟೆ," ಎಂದು ಅವರು ನೆಲ ನೋಡಿದರು. "ಸುಲಿದದ್ದು ಬೇರೆಯವರು. ನಾನು ತೊಳೆದದ್ದು ಮಾತ್ರ."